ಔಟ್‌ಸೈಡ್ ಎಡ್ಜ್ ಸ್ಟಾಪ್ ಬರ್ತಿಲ್ವಾ? ಮೊದ್ಲು ಟರ್ನ್ ಕಲೀರಿ: ಐಸ್ ಹಾಕಿ ಸ್ಕೇಟಿಂಗ್ ಹಂತ ಹಂತವಾಗಿ

ಟೊರೊಂಟೊ ಸುತ್ತಮುತ್ತ ನಮ್ಮ ಕನ್ನಡದೋರ ಒಂದು ಸಣ್ಣ ಗುಂಪಿದೆ, ಎಲ್ಲಾ ಮೂವತ್ತು ದಾಟಿದ ಮೇಲೆ ಮೊದಲ ಸಲ ಸ್ಕೇಟ್ ಕಟ್ಕೊಂಡೋರು. ಚಳಿಗಾಲ ಶುರುವಾದ್ರೆ ಒಂದೇ ಪ್ರಶ್ನೆ ಬರುತ್ತೆ. ಮುಂದಕ್ಕೆ ಹೋಗೋದು ಬರುತ್ತೆ, ಎರಡೂ ಕಾಲಲ್ಲಿ ಸರ್ರ್ ಅಂತ ನಿಲ್ಲೋದೂ ಹೇಗೋ ಬರುತ್ತೆ, ಆದ್ರೆ ಹಿಂದಿನ ಕಾಲಿನ ಔಟ್‌ಸೈಡ್ ಎಡ್ಜ್, ಅಂದ್ರೆ ಬ್ಲೇಡಿನ ಹೊರ ಅಂಚಿನ ಮೇಲೆ ನಿಲ್ಲೋಕೆ ಹೋದ್ರೆ ಧೊಪ್ಪಂತ ಬೀಳ್ತೀವಿ, ಏನ್ ತಪ್ಪು ಮಾಡ್ತಿದೀವಿ? ಉತ್ತರ ಪ್ರತಿ ಸಲ ಒಂದೇ. ಔಟ್‌ಸೈಡ್ ಎಡ್ಜ್ ಮೇಲೆ ಜಾರ್ಕೊಂಡು ಹೋಗೋಕೇ ಬರದೋರು ಅದ್ರ ಮೇಲೆ ನಿಲ್ಲೋಕೆ ಹೋಗ್ತಿದಾರೆ. ಅದಕ್ಕೆ ಇಲ್ಲಿ ಟರ್ನ್ ಮೊದಲು, ಸ್ಟಾಪ್ ಆಮೇಲೆ. ವಿಚಿತ್ರ ಅನ್ಸಿದ್ರೂ ಈ ಕ್ರಮ ಬದಲಾಯಿಸ್ಬೇಡಿ.

ಹೆಸರು ಗೊತ್ತಿರ್ಲಿ. ಬ್ಲೇಡಿನ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತೆ, ಅದ್ರ ಎರಡು ಅಂಚೇ ಎರಡು ಎಡ್ಜ್. ಹೆಬ್ಬೆರಳ ಕಡೆದು ಇನ್‌ಸೈಡ್, ಕಿರುಬೆರಳ ಕಡೆದು ಔಟ್‌ಸೈಡ್. ನೇರ ಹೋಗ್ತಾ ಸೊಂಟ ಎಡಕ್ಕೆ ತಿರುಗಿಸಿ ನಿಂತ್ರೆ ಬಲಗಾಲು ಮುಂದಿನದು, ಅದು ಇನ್‌ಸೈಡ್ ಎಡ್ಜ್ ಮೇಲೆ ಕೆರೆಯುತ್ತೆ. ಎಡಗಾಲು ಹಿಂದಿನದು, ಅದು ಔಟ್‌ಸೈಡ್ ಮೇಲೆ. ಆ ಹಿಂದಿನ ಕಾಲು ಒಂದೇ ಸಾಕು ಅನ್ನೋ ಥರ ನಿಲ್ಲೋದೇ ನಾವು ಕಲಿಯೋಕೆ ಹೊರಟಿರೋದು. ಉದಾಹರಣೆ ಎಲ್ಲಾ ಎಡಕ್ಕೆ ತಿರುಗೋದ್ರದ್ದೇ ಕೊಡ್ತೀನಿ, ಬಲಕ್ಕೆ ಮಾಡುವಾಗ ಕಾಲು ಅದಲು ಬದಲು ಮಾಡ್ಕೊಳ್ಳಿ.

## 1. ಮನೆ ಬಿಡೋ ಮುಂಚೆ: ಬ್ಲೇಡು, ಸೈಜು, ಲೇಸು

ಅರ್ಧ ಜನರ ಸಮಸ್ಯೆ ಕಾಲಲ್ಲಿಲ್ಲ, ಬ್ಲೇಡಲ್ಲಿದೆ. ಸಾಣೆ ಹಿಡಿಸುವಾಗ ಅಂಗಡಿಯೋರು ಒಂದು ಅಳತೆ ಕೇಳ್ತಾರೆ, ಅದೇ ಹಾಲೋ. ನಂಬರ್ ಚಿಕ್ಕದಾದಷ್ಟೂ ತೋಡು ಆಳ, ಎಡ್ಜ್ ಐಸನ್ನ ಜಾಸ್ತಿ ಕಚ್ಚುತ್ತೆ. 3/8 ಇಂಚು ಚೆನ್ನಾಗಿ ಕಚ್ಚುತ್ತೆ, 1/2 ಇಂಚು ಸಾಮಾನ್ಯ, ನೀವೇನೂ ಹೇಳದಿದ್ರೆ ಬಹಳ ಕಡೆ ಅದನ್ನೇ ಮಾಡಿಕೊಡ್ತಾರೆ, 5/8 ಸ್ವಲ್ಪ ಜಾರುತ್ತೆ. ಸ್ಟಾಪ್ ಕಲಿಯುವಾಗ ಬ್ಲೇಡು ಅಡ್ಡಕ್ಕೆ ಜಾರ್ಬೇಕು, ಕಚ್ಚಿ ಹಿಡ್ಕೊಂಡ್ರೆ ನೀವು ಮುಗ್ಗರಿಸ್ತೀರ. ತೂಕ ಜಾಸ್ತಿ ಇರೋ ದೊಡ್ಡೋರು 5/8 ಹೇಳಿ ನೋಡಿ. ಹಾಗಂತ ಸಾಣೆನೇ ಹಿಡಿಸದೆ ಮೊಂಡು ಬ್ಲೇಡಲ್ಲಿ ಕಲೀಬೇಡಿ, ಅದ್ರಲ್ಲಿ ಔಟ್‌ಸೈಡ್ ಎಡ್ಜ್ ನಿಮ್ಮನ್ನ ಹೊರೋದೇ ಇಲ್ಲ, ಕಾಲು ಸೀದಾ ಕೆಳಗಿಂದ ಹೋಗಿಬಿಡುತ್ತೆ.

ಇನ್ನೊಂದು ವಿಷಯ ನಾನು ಹೊಡೆತ ತಿಂದು ಕಲ್ತಿದ್ದು. ಒಂದು ಅಂಗಡಿಯಲ್ಲಿ ಸಾಣೆ ಹಿಡಿಸ್ಕೊಂಡು ಬಂದೆ, ಮೂರು ವಾರ ಎಡಗಾಲಿನ ಔಟ್‌ಸೈಡ್ ಎಡ್ಜ್ ಮೇಲೆ ನಿಲ್ಲೋಕೇ ಆಗ್ಲಿಲ್ಲ, ನನ್ನ ವಯಸ್ಸನ್ನ ಬೈಕೊಂಡೆ, ಮಂಡಿ ಬೈಕೊಂಡೆ, ಕೊನೆಗೆ ನೋಡಿದ್ರೆ ಎರಡು ಎಡ್ಜೂ ಒಂದೇ ಮಟ್ಟಕ್ಕೆ ಇರ್ಲಿಲ್ಲ, ಹೊರಗಿಂದು ತಗ್ಗಿತ್ತು. ಪರೀಕ್ಷೆ ಸುಲಭ: ಸ್ಕೇಟ್ ತಲೆಕೆಳಗೆ ಹಿಡಿದು ಬ್ಲೇಡಿನ ಮೇಲೆ ಅಡ್ಡಕ್ಕೆ ಒಂದು ನಾಣ್ಯ ಇಡಿ, ಕಣ್ಣಿನ ಮಟ್ಟಕ್ಕೆ ತಂದು ನೋಡಿ. ನಾಣ್ಯವೂ ಬ್ಲೇಡೂ ಸರಿಯಾಗಿ ಇಂಗ್ಲಿಷಿನ ಟಿ ಅಕ್ಷರದ ಥರ ಕಾಣ್ಬೇಕು. ಒಂದು ಕಡೆ ವಾಲಿದ್ರೆ ವಾಪಸ್ ಕೊಟ್ಟು ಮತ್ತೆ ಮಾಡಿಸಿ, ಮುಜುಗರ ಪಟ್ಕೋಬೇಡಿ.

ಸೈಜು: ಹಾಕಿ ಸ್ಕೇಟ್ ಸಾಮಾನ್ಯವಾಗಿ ನಿಮ್ಮ ಶೂಗಿಂತ ಒಂದರಿಂದ ಒಂದೂವರೆ ಸೈಜ್ ಚಿಕ್ಕದು ಕೂರುತ್ತೆ. ನಮ್ಮೋರು ದಪ್ಪ ಸಾಕ್ಸ್ ಹಾಕೋಣ ಅಂತ ದೊಡ್ಡದು ತಗೊಂಡುಬಿಡ್ತಾರೆ. ಹಿಮ್ಮಡಿ ಒಳಗೆ ಎದ್ದು ಬರ್ತಿದ್ರೆ ಆಂಕಲ್ (ಪಾದದ ಕೀಲು) ಒಳಗಡೆಗೆ ವಾಲುತ್ತೆ, ಒಳಗಡೆಗೆ ವಾಲಿದ ಆಂಕಲಿಂದ ಔಟ್‌ಸೈಡ್ ಎಡ್ಜ್ ಸಿಗೋದು ಕನಸಿನ ಮಾತು. ತೆಳು ಸಾಕ್ಸ್ ಹಾಕಿ. ಲೇಸು ಬೆರಳ ಹತ್ರ ಸಡಿಲ, ಪಾದದ ಮಧ್ಯದಲ್ಲಿ ಬಿಗಿ, ಮೇಲೆ ಮಂಡಿ ಬಗ್ಗೋಷ್ಟು ಜಾಗ. ತೀರಾ ಬಿಗಿ ಅನ್ಸಿದ್ರೆ ಎಲ್ಲಕ್ಕಿಂತ ಮೇಲಿನ ತೂತು ಬಿಟ್ಟು ಕಟ್ಟಿ.

ಮೈಮೇಲೆ: ಕೇಜ್ (ಮುಖದ ಮುಂದಿನ ಜಾಲರಿ) ಇರೋ ಹೆಲ್ಮೆಟ್, ಮೊಣಕೈ ಪ್ಯಾಡ್, ಶಿನ್ ಪ್ಯಾಡ್, ಗ್ಲೌಸ್, ಆಮೇಲೆ ಒಳಗೆ ಪ್ಯಾಡ್ ಇರೋ ಹಾಕಿ ಪ್ಯಾಂಟ್. ಈ ಪ್ಯಾಂಟ್ ಬೇಡ ಅಂತ ಎಲ್ರೂ ಹೇಳ್ತಾರೆ. ಈ ಸ್ಟಾಪಲ್ಲಿ ಬೀಳೋದು ಸೊಂಟದ ಪಕ್ಕಕ್ಕೆ, ಹಾಗಾಗಿ ಬೇಕು.

## 2. ಔಟ್‌ಸೈಡ್ ಎಡ್ಜ್ ಮೇಲೆ ಸುಮ್ನೆ ಜಾರೋದು

ರಿಂಕಲ್ಲಿ ಫೇಸ್‌ಆಫ್ ಸರ್ಕಲ್ ಇರುತ್ತಲ್ಲ, 30 ಅಡಿ ಅಗಲದ ವೃತ್ತ, ಅದೇ ನಿಮ್ಮ ಸ್ಲೇಟು. ಗೆರೆ ಮೇಲೆ ನಿಂತು ಗಡಿಯಾರದ ವಿರುದ್ಧ ದಿಕ್ಕಿಗೆ ಹೊರಡಿ. ಬಲಗಾಲಲ್ಲಿ ಒಂದು ಪುಶ್ ಕೊಡಿ, ಎಡಗಾಲಲ್ಲಿ ಜಾರಿ. ವೃತ್ತದ ಒಳಗಡೆಗೆ ವಾಲ್ತೀರಲ್ಲ, ಆಗ ಎಡಗಾಲು ತಾನಾಗೇ ಔಟ್‌ಸೈಡ್ ಎಡ್ಜ್ ಮೇಲೆ ಇರುತ್ತೆ. ಬಲಗಾಲನ್ನ ನೆಲದಿಂದ ಎರಡು ಇಂಚು ಎತ್ತಿ ಎಡಗಾಲಿನ ಪಕ್ಕದಲ್ಲೇ ಇಟ್ಕೊಳ್ಳಿ. ಮೊದಲ ದಿನ ಒಂದು ಸೆಕೆಂಡ್ ನಿಂತ್ರೆ ಸಾಕು. ಗುರಿ ಅರ್ಧ ವೃತ್ತ.

ಇಲ್ಲಿ ಎಲ್ರೂ ಮಾಡೋ ತಪ್ಪು ಅಂದ್ರೆ ತಲೆ ಭುಜ ವೃತ್ತದ ಒಳಗೆ ಹಾಕಿ ಸೊಂಟ ಹೊರಗೇ ಬಿಡೋದು. ಬಸ್ಸು ತಿರುವಲ್ಲಿ ಹೋಗುವಾಗ ನಿಂತಿರೋರು ವಾಲ್ತಾರಲ್ಲ, ಹಾಗಲ್ಲ. ಸೊಂಟ ಮೊದ್ಲು ಒಳಗೆ ಹೋಗ್ಬೇಕು, ಭುಜ ಎರಡೂ ಹೆಚ್ಚುಕಮ್ಮಿ ಸಮ ಇರ್ಬೇಕು. ಪಾದ ಕೆಳಗೆ ಬಲಗಡೆ, ಸೊಂಟ ಅದಕ್ಕಿಂತ ಎಡಗಡೆ. ಈ ಒಂದು ಭಾವನೆ ಮೈಗೆ ಹತ್ತಿದ್ರೆ ಮುಂದಿಂದೆಲ್ಲ ಅರ್ಧ ಆದಹಾಗೆ, ಯಾಕಂದ್ರೆ ಸ್ಟಾಪಲ್ಲೂ ಸೊಂಟ ಇಲ್ಲೇ ಇರ್ಬೇಕು.

ಸರಿಯಾಗಿದ್ಯಾ ಅಂತ ಐಸೇ ಹೇಳುತ್ತೆ. ಜಾಂಬೋನಿ (ಐಸ್ ನುಣುಪು ಮಾಡೋ ಗಾಡಿ) ಬಂದು ಹೋದ ತಕ್ಷಣ ಹತ್ತು ನಿಮಿಷ ಸಿಕ್ಕಿದ್ರೆ ಬಿಡ್ಬೇಡಿ, ಗುರುತು ಸ್ಪಷ್ಟ ಕಾಣುತ್ತೆ. ಎಡ್ಜ್ ಮೇಲೆ ಇದ್ರೆ ಒಂದೇ ಗೆರೆ ಬೀಳುತ್ತೆ, ಬ್ಲೇಡು ಚಪ್ಪಟೆ ಇದ್ರೆ ಅಕ್ಕಪಕ್ಕ ಎರಡು ಸಣ್ಣ ಗೆರೆ. ಎರಡು ಗೆರೆ ಕಂಡ್ರೆ ನೀವು ವಾಲಿಲ್ಲ, ವಾಲಿದೀನಿ ಅಂತ ಅನ್ಕೊಂಡಿದೀರ ಅಷ್ಟೇ.

ಪಬ್ಲಿಕ್ ಸ್ಕೇಟಿಂಗಲ್ಲಿ ಎಲ್ರೂ ಸಾಮಾನ್ಯವಾಗಿ ಗಡಿಯಾರದ ವಿರುದ್ಧವೇ ಸುತ್ತೋದು. ಅದಕ್ಕೇ ನಮಗೆಲ್ಲ ಎಡ ತಿರುವು ಚೆನ್ನಾಗಿ ಬರುತ್ತೆ, ಬಲಕ್ಕೆ ತಿರುಗು ಅಂದ್ರೆ ಮರದ ಗೊಂಬೆ. ಬಲಗಾಲಿನ ಅಭ್ಯಾಸಕ್ಕೆ ಸ್ಟಿಕ್ ಅಂಡ್ ಪಕ್ ಸೆಷನ್ (ಸ್ಟಿಕ್ಕು, ಪಕ್ ಅನ್ನೋ ರಬ್ಬರ್ ಬಿಲ್ಲೆ ತಗೊಂಡು ತಮ್ಮಷ್ಟಕ್ಕೆ ಅಭ್ಯಾಸ ಮಾಡೋ ಹೊತ್ತು) ಹುಡುಕ್ಕೊಳ್ಳಿ ಅಥವಾ ಹೊರಗಿನ ರಿಂಕಿಗೆ ವಾರದ ದಿನ ಬೆಳಿಗ್ಗೆ ಹೋಗಿ.

## 3. ಟೈಟ್ ಟರ್ನ್

ಅರ್ಧ ವೃತ್ತ ಒಂದೇ ಕಾಲಲ್ಲಿ ಜಾರೋಕೆ ಬಂದ ಮೇಲೆ ಇದು, ಸಣ್ಣ ಜಾಗದಲ್ಲಿ ಚಕ್ಕಂತ ತಿರುಗೋದು. ಒಂದು ಗ್ಲೌಸ್ ಐಸ್ ಮೇಲೆ ಹಾಕಿ ಅದನ್ನ ಸುತ್ತೋದು, ಆದ್ರೆ ಜನ ತುಂಬಿರೋ ಸೆಷನಲ್ಲಿ ಏನೂ ಹಾಕ್ಬೇಡಿ, ಯಾರಾದ್ರೂ ಎಡವಿ ಬೀಳ್ತಾರೆ.

ಕ್ರಮ ಹೀಗೆ. ಗ್ಲೌಸ್ ಹತ್ರ ಬರೋ ಮುಂಚೆ ಪುಶ್ ಮಾಡೋದು ನಿಲ್ಲಿಸಿ ಎರಡೂ ಕಾಲಲ್ಲಿ ಜಾರಿ. ಮಂಡಿ ಬಗ್ಗಿಸಿ, ನಿಮಗೆ ಸಾಕು ಅನ್ಸಿದ್ಮೇಲೆ ಇನ್ನೂ ಒಂದಿಷ್ಟು. ಎಡಗಾಲು, ಅಂದ್ರೆ ತಿರುವಿನ ಒಳಗಿನ ಕಾಲು, ಒಂದು ಬ್ಲೇಡ್ ಉದ್ದ ಮುಂದೆ ತನ್ನಿ. ಮೊದ್ಲು ಕಣ್ಣು ತಿರುಗ್ಲಿ, ಆಮೇಲೆ ತಲೆ, ಭುಜ, ಕೈ, ಸ್ಟಿಕ್ಕು. ಸೊಂಟ ಹಿಂದೆ ಬರುತ್ತೆ, ಕಾಲು ಕೊನೆಗೆ. ಕಾಲಿಂದ ತಿರುಗಿಸೋಕೆ ಹೋದ್ರೆ ಅದು ಟರ್ನ್ ಆಗಲ್ಲ, ಅರೆಬರೆ ಸ್ಟಾಪ್ ಆಗಿ ಸ್ಪೀಡೆಲ್ಲಾ ಹೋಗುತ್ತೆ. ಎಡಗಾಲು ಔಟ್‌ಸೈಡ್ ಮೇಲೆ, ಬಲಗಾಲು ಇನ್‌ಸೈಡ್ ಮೇಲೆ, ಎರಡೂ ಮಂಡಿ ಒಂದೇ ಕಡೆಗೆ ವಾಲಿರ್ಬೇಕು.

ಕನ್ನಡಿ ಇಲ್ಲದೆ ಗೊತ್ತಾಗಲ್ಲ, ಫೋನಲ್ಲಿ ವಿಡಿಯೋ ಮಾಡಿಸಿ. ಬಹಳ ಜನರ ವಿಡಿಯೋದಲ್ಲಿ ಬಲ ಮಂಡಿ ಒಳಗೆ ವಾಲಿರುತ್ತೆ, ಎಡ ಮಂಡಿ ನೆಟ್ಟಗೆ ನಿಂತಿರುತ್ತೆ, ಎರಡು ಕಾಲೂ ಏಣಿ ಥರ ಅಗಲ. ಅಂದ್ರೆ ಹೊರಗಿನ ಕಾಲೇ ಎಲ್ಲಾ ಭಾರ ಹೊತ್ತಿದೆ, ಒಳಗಿನ ಕಾಲು ಮೆರವಣಿಗೆಗೆ ಬಂದಿದೆ.

ಇದಕ್ಕೆ ಒಂದೇ ಪರೀಕ್ಷೆ, ಇದನ್ನ ಮಾತ್ರ ಬಿಡ್ಬೇಡಿ: ಟರ್ನ್ ಮಧ್ಯದಲ್ಲಿ ಬಲಗಾಲನ್ನ ಒಂದು ಕ್ಷಣ ಎತ್ತಿ. ಟರ್ನ್ ಹಾಗೇ ಮುಂದುವರಿದ್ರೆ ಎಡಗಾಲಿನ ಔಟ್‌ಸೈಡ್ ಎಡ್ಜ್ ನಿಮ್ಮನ್ನ ಹೊತ್ತಿದೆ. ಎತ್ತಿದ ತಕ್ಷಣ ಒಳಗಡೆಗೆ ಕುಸಿದ್ರೆ ನೀವು ಇಷ್ಟು ದಿನ ಬಲಗಾಲಿನ ಮೇಲೆ ಒರಗಿಕೊಂಡು ಬಂದಿದೀರ, ಎರಡನೇ ಹಂತಕ್ಕೆ ವಾಪಸ್. ನನಗೆ ಈ ಪರೀಕ್ಷೆ ಪಾಸಾಗೋಕೆ ಐದು ವಾರ ಬೇಕಾಯ್ತು, ಅದೂ ಎಡಕ್ಕೆ ಮಾತ್ರ.

ಟರ್ನ್ ಮುಗಿತಿದ್ದ ಹಾಗೇ ಬಲಗಾಲು ಎಡಗಾಲಿನ ಮೇಲಿಂದ ದಾಟಿಸಿ ಕ್ರಾಸ್‌ಓವರ್ ಹಾಕಿ ಹೊರಬನ್ನಿ, ಎರಡು ಮೂರು ಹೆಜ್ಜೆ. ಬರೀ ಜಾರ್ಕೊಂಡು ಹೊರಗೆ ಬಂದ್ರೆ ಆಟದಲ್ಲಿ ಅಷ್ಟರೊಳಗೆ ಪಕ್ ಇನ್ನೊಬ್ಬರ ಹತ್ರ ಹೋಗಿರುತ್ತೆ. ಕ್ರಾಸ್‌ಓವರಲ್ಲಿ ಎಡಗಾಲು ದೇಹದ ಅಡಿಯಿಂದ ಔಟ್‌ಸೈಡ್ ಎಡ್ಜಲ್ಲಿ ಒದೆಯುತ್ತೆ, ಆ ಒದೆತ ಏಳನೇ ಹಂತದಲ್ಲಿ ಮತ್ತೆ ಬರುತ್ತೆ.

## 4. ಗೋಡೆ ಹಿಡ್ಕೊಂಡು ಐಸ್ ತುರಿಯೋದು

ಬೋರ್ಡ್, ಅಂದ್ರೆ ರಿಂಕಿನ ಸುತ್ತ ಇರೋ ಗೋಡೆ ಕಡೆ ಮುಖ ಮಾಡಿ ಎರಡೂ ಕೈಯಲ್ಲಿ ಹಿಡ್ಕೊಂಡು ನಿಲ್ಲಿ. ಬಲಗಾಲು ಸ್ವಲ್ಪ ಹಿಂದಕ್ಕೆ ಸರಿಸಿ ದಾರಿ ಬಿಡಿ. ಎಡಗಾಲಿನ ಬೂಟು ಎಡಕ್ಕೆ ವಾಲಿಸಿ, ಸೊಂಟ ಇನ್ನೂ ಎಡಕ್ಕೆ ಇರ್ಲಿ, ಈಗ ಬ್ಲೇಡನ್ನ ಎಡದಿಂದ ಬಲಕ್ಕೆ ದೇಹದ ಕೆಳಗಿಂದ ತಳ್ಳಿ. ಈಳಿಗೆ ಮಣೆಯಲ್ಲಿ ಕಾಯಿ ತುರಿದ ಹಾಗೆ, ಒಂದೇ ಸಲಕ್ಕೆ ಒತ್ತಿದ್ರೆ ಕಚ್ಚಿಕೊಳ್ಳುತ್ತೆ, ಹಗುರವಾಗಿ ಮತ್ತೆ ಮತ್ತೆ ಎಳೆದ್ರೆ ಸಣ್ಣ ತುರಿ ಬರುತ್ತೆ. ನಿಮಗೆ ಬೇಕಿರೋದು ಆ ಸಣ್ಣ ತುರಿ. ದಪ್ಪ ದಪ್ಪ ಚೂರು ಏಳ್ತಿದ್ರೆ ಬ್ಲೇಡು ಜಾಸ್ತಿ ವಾಲಿದೆ, ಸ್ವಲ್ಪ ನೆಟ್ಟಗೆ ಮಾಡಿ.

ಹಿಮ ಎಲ್ಲಿ ಗುಡ್ಡೆ ಆಗ್ತಿದೆ ನೋಡಿ. ಔಟ್‌ಸೈಡಲ್ಲಿ ತುರಿದ್ರೆ ಅದು ಹೆಬ್ಬೆರಳ ಕಡೆ ಸೇರುತ್ತೆ. ಕಿರುಬೆರಳ ಕಡೆ ಸೇರ್ತಿದ್ರೆ ನೀವು ಅಭ್ಯಾಸಬಲದಿಂದ ಇನ್‌ಸೈಡಲ್ಲಿ ಹೊರಕ್ಕೆ ತಳ್ತಿದೀರ. ಇದು ಗೊತ್ತಾಗದೆ ನಮ್ಮ ಗುಂಪಲ್ಲಿ ಒಬ್ರು ಒಂದಿಡೀ ಸೆಷನ್ ತಪ್ಪು ಎಡ್ಜ್ ತುರಿದಿದ್ರು.

ಇದು ಬಂದ ಮೇಲೆ ಗೋಡೆ ಬಿಟ್ಟು ಟಿ ಸ್ಟಾಪ್: ಬಲಗಾಲಲ್ಲಿ ನಿಧಾನವಾಗಿ ಜಾರ್ತಾ ಎಡಗಾಲನ್ನ ಅದ್ರ ಹಿಮ್ಮಡಿ ಹಿಂದೆ ಅಡ್ಡಕ್ಕೆ ಇಟ್ಟು ಔಟ್‌ಸೈಡಲ್ಲಿ ಕೆರೆದು ನಿಲ್ಲೋದು, ಭಾರ ನಿಧಾನವಾಗಿ ಹಿಂದಿನ ಕಾಲಿಗೆ. ಬೆಂಗಳೂರಲ್ಲಿ ಇನ್‌ಲೈನ್ ಸ್ಕೇಟಿಂಗ್ ಕಲ್ತು ಬಂದೋರು ಇಲ್ಲಿ ಹುಷಾರು. ಅಲ್ಲಿ ಟಿ ಸ್ಟಾಪ್ ಮಾಡುವಾಗ ಹಿಂದಿನ ಕಾಲಿನ ಚಕ್ರಗಳ ಒಳಬದಿ ಎಳ್ಕೊಂಡು ಬರುತ್ತೆ, ಭಾರ ಎಲ್ಲಾ ಮುಂದೆ ಇರುತ್ತೆ. ಅದೇ ಅಭ್ಯಾಸ ಐಸಿಗೆ ತಂದ್ರೆ ಔಟ್‌ಸೈಡ್ ಸಿಗೋದೇ ಇಲ್ಲ.

## 5. ಎರಡು ಕಾಲಿನ ಸ್ಟಾಪಲ್ಲಿ ಹಿಂದಿನ ಕಾಲಿಗೆ ಕೆಲಸ ಕೊಡೋದು

ನನ್ನ ಸ್ಟಾಪ್ ನೋಡಿ ಒಬ್ಬ ಗೆಳೆಯ ಹೇಳಿದ್ದ, "ಗುರೂ, ನಿನ್ನ ಹಿಂದಿನ ಕಾಲು ಟಿಕೆಟ್ ತಗೊಳ್ದೆ ಬರ್ತಿದೆ." ನಿಜ. ಕಲಿಯೋರ ಹಾಕಿ ಸ್ಟಾಪಲ್ಲಿ, ಅಂದ್ರೆ ಈ ಎರಡು ಕಾಲಿನ ಸ್ಟಾಪಲ್ಲಿ, ಮುಂದಿನ ಕಾಲೇ ಎಲ್ಲಾ ಮಾಡುತ್ತೆ. ನಿಂತ ಮೇಲೆ ಹಿಂದೆ ತಿರುಗಿ ಐಸ್ ನೋಡಿ, ಎರಡು ಬಿಳಿ ಪಟ್ಟೆ ಇರ್ಬೇಕು. ಹಿಂದಿನ ಪಟ್ಟೆ ಇಲ್ಲವೇ ಇಲ್ಲ ಅಥವಾ ಬರೀ ಗೀಚು ಅಂದ್ರೆ ಟಿಕೆಟ್ ತಗೊಂಡಿಲ್ಲ.

ನಡಿಗೆ ಸ್ಪೀಡಲ್ಲಿ ಶುರು ಮಾಡಿ. ಸ್ವಲ್ಪ ಮೇಲೇಳಿ, ಆ ಹಗುರಾದ ಕ್ಷಣದಲ್ಲಿ ಸೊಂಟ ಕಾಲು ಎಡಕ್ಕೆ ತಿರುಗಿಸಿ, ಮತ್ತೆ ಕುಗ್ಗಿ. ಮೇಲೇಳದೆ ತಿರುಗಿಸಿದ್ರೆ ಬ್ಲೇಡು ಐಸಲ್ಲಿ ಹೂತು ತಿರುಗಲ್ಲ. ಎದೆ ಮತ್ತು ಕಣ್ಣು ಮಾತ್ರ ಹೋಗ್ತಿದ್ದ ದಿಕ್ಕಿಗೇ ಇರ್ಲಿ, ಸೊಂಟದ ಮೇಲಿಂದು ಬೇರೆ ಕೆಳಗಿಂದು ಬೇರೆ ಅನ್ನೋ ಹಾಗೆ. ಎದೆನೂ ಪೂರ್ತಿ ತಿರುಗಿದ್ರೆ ನೀವು ನಿಲ್ಲಲ್ಲ, ಗಿರಕಿ ಹೊಡೀತೀರ.

ಈಗ ಭಾರ. ಒಂದೊಂದು ಸ್ಟಾಪಿಗೂ ಹೊಟ್ಟೆಯ ಗುಂಡಿಯನ್ನ ಒಂದಿಷ್ಟು ಹಿಂದಿನ ಕಾಲಿನ ಕಡೆ ತನ್ನಿ. ಎರಡು ಪಟ್ಟೆಯೂ ಸಮ ಆಗೋವರೆಗೂ ಇದೇ. ಆಮೇಲೆ ಮುಂದಿನ ಕಾಲಿನ ಹಿಮ್ಮಡಿ ಮಾತ್ರ ಎತ್ತಿ ನಿಲ್ಲಿ. ಬೋರಾಗುತ್ತೆ, ಗೊತ್ತು. ಇಲ್ಲಿ ಅವಸರ ಮಾಡಿದೋರೇ ಮುಂದಿನ ಹಂತದಲ್ಲಿ ಬೀಳೋದು.

## 6. ಮುಂದಿನ ಕಾಲು ಎತ್ತೋದು

ಅದೇ ಸ್ಟಾಪ್, ಅದೇ ಸ್ಪೀಡು. ಬ್ಲೇಡು ಅಡ್ಡಕ್ಕೆ ಜಾರೋಕೆ ಶುರು ಆದ ಮೇಲೆ ಬಲಗಾಲು ಎರಡು ಇಂಚು ಎತ್ತಿ ಮುಂದೆ ಗಾಳಿಯಲ್ಲಿ ಇಟ್ಕೊಳ್ಳಿ. ಮೊದಲೇ ಎತ್ತಬೇಡಿ, ಜಾರು ಶುರುವಾದ ಮೇಲೆ. ಎಡ ಮಂಡಿ ಸ್ಪ್ರಿಂಗ್ ಥರ ನಿಧಾನವಾಗಿ ಬಗ್ಗುತ್ತಾ ಹೋಗ್ಬೇಕು, ಒತ್ತಡ ಮೊದ್ಲು ಕಮ್ಮಿ ಕೊನೆಗೆ ಜಾಸ್ತಿ. ಭಾರ ಪಾದದ ಮಧ್ಯಕ್ಕೆ, ಬೆರಳ ತುದಿಗಲ್ಲ.

ಬೀಳೋದು ಮೂರು ಥರ, ಒಂದೊಂದೂ ಒಂದೊಂದು ಕಾರಣ ಹೇಳುತ್ತೆ:

ಹೋಗ್ತಿದ್ದ ದಿಕ್ಕಿಗೇ ಮುಗ್ಗರಿಸಿದ್ರೆ ನೀವು ಸಾಕಷ್ಟು ಹಿಂದಕ್ಕೆ ವಾಲಿಲ್ಲ, ಅಥವಾ ಎಡ್ಜ್ ಒಮ್ಮೆಲೇ ಕಚ್ಚಿದೆ. ಎತ್ತಿರೋ ಬಲಗಾಲು ಅಲ್ಲೇ ಇದೆ, ಕೆಳಗೆ ಇಟ್ಟುಬಿಡಿ. ಪದೇ ಪದೇ ಆದ್ರೆ ಹಾಲೋ ವಿಷಯ ನೆನಪಿಸ್ಕೊಳ್ಳಿ.

ಎಡ ಸೊಂಟದ ಮೇಲೆ ಧೊಪ್ ಅಂದ್ರೆ ಜಾಸ್ತಿ ವಾಲಿದೀರ ಅಥವಾ ಬ್ಲೇಡು ಮೊಂಡಾಗಿದೆ. ನನ್ನ ಪ್ರಕಾರ ಇದು ಒಳ್ಳೇ ಬೀಳೋದು, ಸರಿಯಾದ ಕಡೆಗೇ ಬಿದ್ದಿದೀರ, ಮುಂದಿನ ಸಲ ಸ್ವಲ್ಪ ಕಮ್ಮಿ ಮಾಡಿ.

ನಿಲ್ಲುವಾಗ ಬ್ಲೇಡು ಟಕಟಕಟಕ ಅಂತ ಕುಪ್ಪಳಿಸಿ ಆಮೇಲೆ ಬಿದ್ರೆ ಮಂಡಿ ಗಟ್ಟಿ ಮಾಡಿದೀರ, ಇಲ್ಲಾ ಭಾರ ಬೆರಳ ಮೇಲಿದೆ. ಸರಿಯಾದ ಸ್ಟಾಪಿನ ಸದ್ದು ಒಂದೇ ಎಳೆ, ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ.

ಐಸೂ ದಿನಾ ಒಂದೇ ಥರ ಇರಲ್ಲ. ಹೊರಗಿನ ರಿಂಕಲ್ಲಿ ಮೈನಸ್ 20 ಇದ್ದ ದಿನ ಐಸ್ ಕಲ್ಲಿನ ಥರ ಗಟ್ಟಿ, ಎಡ್ಜ್ ಕಚ್ಚೋದೇ ಕಷ್ಟ. ಸೊನ್ನೆ ಹತ್ರ ಇದ್ದ ದಿನ ಮೆತ್ತಗೆ, ಹಿಮ ಗುಡ್ಡೆ ಬಿದ್ದು ಬ್ಲೇಡು ಅದ್ರಲ್ಲಿ ಸಿಕ್ಕಾಕೊಳ್ಳುತ್ತೆ. ಈ ಹಂತದ ಮೊದಲ ದಿನಗಳು ಒಳಗಿನ ರಿಂಕಲ್ಲೇ ಆಗ್ಲಿ.

## 7. ನಿಂತ ಕ್ಷಣದಲ್ಲೇ ವಾಪಸ್ ಹೊರಡೋದು

ಇಷ್ಟೆಲ್ಲಾ ಕಷ್ಟ ಪಟ್ಟಿದ್ದೇ ಇದಕ್ಕೆ. ಎರಡು ಕಾಲಲ್ಲಿ ನಿಂತ್ರೆ ಮೊದ್ಲು ಒಂದು ಕಾಲು ಬಿಡಿಸ್ಕೊಂಡು ಆಮೇಲೆ ಹೊರಡ್ಬೇಕು. ಔಟ್‌ಸೈಡ್ ಎಡ್ಜಲ್ಲಿ ನಿಂತ್ರೆ ಬಲಗಾಲು ಆಗಲೇ ಗಾಳಿಯಲ್ಲಿದೆ, ಅದನ್ನ ಎಡಗಾಲಿನ ಮೇಲಿಂದ ದಾಟಿಸಿ ಇಡಿ, ಅದೇ ಹೊತ್ತಿಗೆ ಎಡಗಾಲು ದೇಹದ ಅಡಿಯಿಂದ ಔಟ್‌ಸೈಡ್ ಎಡ್ಜಲ್ಲಿ ಒದೆಯುತ್ತೆ, ಬಂದ ದಾರಿಗೇ ವಾಪಸ್. ಮೂರನೇ ಹಂತದ ಕ್ರಾಸ್‌ಓವರೇ ಇದು, ನಿಂತ ಜಾಗದಿಂದ.

ದಾಟಿಸಿದ ಕಾಲು ದೂರ ಹಾಕ್ಬೇಡಿ, ಹತ್ರ ಇಡಿ. ಎರಡು ಹೆಜ್ಜೆ ಆದ ಮೇಲೆ ಸೊಂಟ ಹೊಸ ದಿಕ್ಕಿಗೆ ತಿರುಗಿಸಿ ಓಡಿ. ತಲೆ ಎತ್ತಿರಿ, ಕಾಲು ನೋಡ್ಕೊಂಡು ದಾಟಿಸೋರು ತಮ್ಮ ಬ್ಲೇಡು ತಾವೇ ತುಳೀತಾರೆ.

ಡ್ರಿಲ್: ಗೋಲ್ ಲೈನಿಂದ ನೀಲಿ ಗೆರೆ, ವಾಪಸ್, ಮತ್ತೆ ನಡುವಿನ ಕೆಂಪು ಗೆರೆ, ವಾಪಸ್. ಪ್ರತಿ ಸಲ ನಿಲ್ಲುವಾಗ ಒಂದೇ ಗೋಡೆ ಕಡೆ ಮುಖ ಮಾಡಿ, ಹೊರಡುವಾಗ ಎಡಗಡೆ ಇರೋ ಗೋಡೆ ಅನ್ಕೊಳ್ಳಿ. ಹಾಗೆ ಮಾಡಿದ್ರೆ ಹೋಗುವಾಗ ಎಡಗಾಲು, ಬರುವಾಗ ಬಲಗಾಲು ತಾನಾಗೇ ಬರುತ್ತೆ, ಒಳ್ಳೇ ಕಡೆಗೇ ತಿರುಗಿ ನಿಮಗೆ ನೀವೇ ಮೋಸ ಮಾಡ್ಕೊಳ್ಳೋಕೆ ಆಗಲ್ಲ. ಆರು ಸುತ್ತು ಸಾಕು. ಕಾಲು ಸುಸ್ತಾದ ಮೇಲೆ ಎದ್ದು ನಿಂತ್ಕೊಂಡು ಮಾಡೋಕೆ ಶುರು ಮಾಡ್ತೀವಿ, ಆಗ ತಪ್ಪೇ ಅಭ್ಯಾಸ ಆಗೋದು.

ನನ್ನ ಬಲಗಾಲು ಇನ್ನೂ ಎಡಗಾಲಿನಷ್ಟು ಬಂದಿಲ್ಲ, ನಾಲ್ಕು ತಿಂಗಳಾಯ್ತು. ಅದಕ್ಕೆ ಪ್ರತಿ ಸೆಷನಲ್ಲೂ ಕೆಟ್ಟ ಕಡೆಯಿಂದಲೇ ಶುರು ಮಾಡ್ತೀನಿ.

## ಇವು ಕಂಡ್ರೆ ಅವತ್ತಿಗೆ ಸ್ಕೇಟ್ ಬಿಚ್ಚಿ

ತೊಡೆಯ ಒಳಗಡೆ ಚುಳುಕ್ ಅಂದ್ರೆ ನಿಲ್ಲಿಸಿ, "ಇನ್ನೊಂದೇ ಸಲ" ಅಂದೋರು ಆರು ವಾರ ಮನೇಲಿ ಕೂತಿದಾರೆ. ಆಂಕಲ್ ಮುಂಭಾಗದಲ್ಲಿ ಲೇಸ್ ಒತ್ತಿ ಉರಿ ಬಂದ್ರೆ ಲೇಸ್ ಬಿಚ್ಚಿ ಮತ್ತೆ ಕಟ್ಟಿ, ಆಮೇಲೂ ಹೋಗದಿದ್ರೆ ಸಾಕು. ತಲೆಗೆ ಪೆಟ್ಟು ಬಿದ್ದು ತಲೆನೋವು, ತಲೆಸುತ್ತು, ವಾಂತಿ ಬರೋ ಹಾಗೆ ಅನ್ಸಿದ್ರೆ ಅಲ್ಲಿಗೇ ಮುಗೀತು, ಡಾಕ್ಟರ್ ನೋಡಿ, ಕಾರು ನೀವೇ ಓಡಿಸ್ಕೊಂಡು ಹೋಗ್ಬೇಡಿ.

ಬೀಳ್ತೀನಿ ಅಂತ ಗೊತ್ತಾದಾಗ ಕುಗ್ಗಿ ಪಕ್ಕಕ್ಕೆ ಬೀಳಿ, ಅಂಗೈ ಊರ್ಬೇಡಿ, ಮಣಿಕಟ್ಟು ಹೋಗುತ್ತೆ. ಬಿದ್ದ ಮೇಲೆ ಬೆರಳು ಮುಷ್ಟಿ ಮಾಡಿ, ಬೇರೆಯೋರ ಬ್ಲೇಡು ಪಕ್ಕದಲ್ಲೇ ಹೋಗ್ತಿರುತ್ತೆ. ಆರು ಮತ್ತು ಏಳನೇ ಹಂತವನ್ನ ಗೋಡೆಯಿಂದ ಹದಿನೈದು ಅಡಿಯಾದ್ರೂ ದೂರ ಮಾಡಿ, ಜಾರ್ಕೊಂಡು ಹೋಗಿ ಕಾಲು ಮುಂದಾಗಿ ಬೋರ್ಡಿಗೆ ಗುದ್ದಿದ್ರೆ ಆಂಕಲ್ ಮುರಿಯುತ್ತೆ. ಮನೆಗೆ ಬಂದ ಮೇಲೆ ಬ್ಲೇಡು ಬಟ್ಟೆಯಲ್ಲಿ ಒರೆಸಿಡಿ. ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ಹಾಕಿ ಬ್ಯಾಗಲ್ಲೇ ಬಿಟ್ರೆ ತುಕ್ಕು ಹಿಡಿಯುತ್ತೆ, ಆಮೇಲೆ ಮತ್ತೆ ಸಾಣೆ, ಮತ್ತೆ ನಾಣ್ಯ ಇಟ್ಟು ನೋಡೋದು.